ಸೋತ ತಂಡದ ಮಕ್ಕಳನ್ನೂ ಒಮ್ಮೆ ನೋಡಿ

ಶಾಲಾ ಮಕ್ಕಳ ತಂಡ ಆರಿಸುವ ಸೆಲೆಕ್ಟರ್ ಸಾಹೇಬರಿಗೆ, ಕ್ರೀಡಾ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯವನು. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಮೋಟರ್ ಸುಟ್ಟುಕೊಂಡ ರೈತರು ಸಂಜೆ ಐದರ ಮೇಲೆ ಬಂದರೆ ಅಂಗಡಿಗೆ ಬೀಗ ಇರುತ್ತದೆ. ಎಲ್ಲಿ ಸಿಗುತ್ತೇನೆ ಅಂತ ಅವರಿಗೆ ಗೊತ್ತು. ಸೀದಾ ಶಾಲೆಯ ಹಿಂದಿನ ಬಯಲಿಗೆ ಬಂದು, ಬೇವಿನ ಮರದ ಕೆಳಗೆ ಮೋಟರ್ ಇಳಿಸಿ, "ಚೆಂಡಾಟ ಮುಗೀತೇನ್ರೀ?" ಅಂತ ಕೇಳುತ್ತಾರೆ.

ಆ ಚೆಂಡಾಟ ಬೇಸ್‌ಬಾಲ್. ಕರ್ನಾಟಕದ ಕಡೆಯ ನೆಂಟರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅಮೆರಿಕದ ಆಟ ನಿಮ್ಮ ಜೋಳದ ಸೀಮೆಗೆ ಹೇಗೆ ಬಂತೋ ಅಂತಾರೆ. ಮಹಾರಾಷ್ಟ್ರದ ಶಾಲಾ ಕ್ರೀಡಾಕೂಟದಲ್ಲಿ ಕಬಡ್ಡಿ, ಖೋಖೋ ಇರುವ ಪಟ್ಟಿಯಲ್ಲೇ ಸಾಫ್ಟ್‌ಬಾಲ್, ಬೇಸ್‌ಬಾಲ್ ಕೂಡ ಇವೆ. ಅದು ನಿಮಗೆ ಗೊತ್ತಿರುವ ವಿಷಯ. ಇದನ್ನು ಓದುವ ಉಳಿದವರಿಗೆ ಗೊತ್ತಿರಲಿ ಅಂತ ಬರೆದೆ.

ಈ ಪತ್ರ ದೂರಲ್ಲ. ಯಾವ ಕಚೇರಿ, ಯಾವ ಸಂಘ, ಯಾವ ವರ್ಷ ಅಂತ ನಾನು ಎಲ್ಲಿಯೂ ಹೇಳುವುದಿಲ್ಲ. ಒಂದು ಬೇಡಿಕೆ ಇದೆ. ಅದಕ್ಕೆ ಮೊದಲು ನಾನು ಯಾರು, ಇದನ್ನು ಕೇಳೋಕೆ ನನಗೇನು ಹಕ್ಕು ಅನ್ನೋದನ್ನು ಹೇಳಬೇಕಲ್ವಾ?

1996ರಲ್ಲಿ ಕಾಲೇಜಿಗೆ ಅಂತ ಸೊಲ್ಲಾಪುರಕ್ಕೆ ಹೋದೆ. ಕ್ರಿಕೆಟ್ ತಂಡದಲ್ಲಿ ಜಾಗ ಸಿಗಲಿಲ್ಲ. ಪಕ್ಕದಲ್ಲೇ ಬೇಸ್‌ಬಾಲ್‌ನವರು ಅಭ್ಯಾಸ ಮಾಡುತ್ತಿದ್ದರು. ಅವರಿಗೆ ಒಬ್ಬ ಕ್ಯಾಚರ್ ಬೇಕಾಗಿದ್ದ. ಕ್ಯಾಚರ್ ಜಾಗ ಯಾರಿಗೂ ಬೇಡ. ಬ್ಯಾಟ್ ಹಿಡಿದವನ ಬೆನ್ನಿಗೆ, ಮುಖಕ್ಕೆ ಜಾಳಿಗೆ ಕಟ್ಟಿಕೊಂಡು, ಎರಡು ತಾಸು ಕುಕ್ಕರಗಾಲಲ್ಲಿ ಕೂತಿರಬೇಕು. ಮೊದಲ ವಾರ ಬಸ್ ಸ್ಟ್ಯಾಂಡಿನ ಮೆಟ್ಟಿಲು ಹತ್ತೋಕೆ ಆಗುತ್ತಿರಲಿಲ್ಲ. ಆದರೆ ಕ್ಯಾಚರ್‌ಗೆ ಒಂದು ಲಾಭ ಇದೆ, ಅದು ನನಗೆ ತಿಳಿದದ್ದು ಬಹಳ ತಡವಾಗಿ. ಮೈದಾನದಲ್ಲಿ ಉಳಿದ ಎಂಟು ಜನರೂ ಅವನ ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವನೊಬ್ಬನೇ ಎಲ್ಲರನ್ನೂ ಎದುರಿಗೆ ನೋಡುತ್ತಿರುತ್ತಾನೆ. ಯಾರ ಕಾಲು ಸೋತಿದೆ, ಯಾರಿಗೆ ಬಿಸಿಲು ಹತ್ತಿದೆ, ಯಾರು ಚೆಂಡು ತನ್ನ ಕಡೆ ಬಾರದಿರಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದಾನೆ, ಎಲ್ಲ ಕಾಣುತ್ತದೆ.

ಎರಡು ಸಲ ರಾಜ್ಯ ಮಟ್ಟದವರೆಗೆ ಹೋದೆ. ಪುಣೆಯ ಬಾಲೇವಾಡಿ ಕ್ರೀಡಾಂಗಣ ನೋಡಿದೆ. ಒಂದು ರೂಪಾಯಿ ಗಳಿಸಲಿಲ್ಲ, ಬಲಗೈ ಹೆಬ್ಬೆರಳು ಮಾತ್ರ ಇವತ್ತಿಗೂ ಸೊಟ್ಟ. ಆಮೇಲೆ ಅಪ್ಪ ಅಂಗಡಿಗೆ ಕರೆದರು, ಬಂದೆ. ಆಟಗಾರನಾಗಿ ನನ್ನ ಕತೆ ಇಷ್ಟೇ.

ಕೋಚ್ ಆದದ್ದು ಸುಮ್ನೆ. ಶಾಲೆಯ ಮಾಸ್ತರರೊಬ್ಬರು ತಂಡ ಕಳಿಸಬೇಕಾಗಿತ್ತು, ನಿಯಮ ಗೊತ್ತಿರುವವರು ಊರಲ್ಲಿ ನಾನೊಬ್ಬನೇ. ಸಕ್ಕರೆ ಕಾರ್ಖಾನೆಯ ಹಳೆಯ ಕನ್ವೇಯರ್ ಬೆಲ್ಟ್ ಕತ್ತರಿಸಿ ಹೋಮ್ ಪ್ಲೇಟ್ ಮಾಡಿದೆವು, ಬ್ಯಾಟ್ ಹಿಡಿದವನು ನಿಲ್ಲುವ, ಬೇಸ್ ಸುತ್ತಿ ಬಂದು ಕಡೆಗೆ ಮುಟ್ಟಬೇಕಾದ ಜಾಗ ಅದು. 17 ಇಂಚು ಅಗಲ, ಐದು ಮೂಲೆ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಮೂರು ಬೇಸ್. ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ ಅಳೆದು ಸುಣ್ಣ ಹಾಕಿದೆವು. ನಮ್ಮ ಮಕ್ಕಳು ಹೋಮ್ ಅನ್ನುವುದಿಲ್ಲ, "ಮನಿ" ಅಂತಾರೆ. ಮೂರನೇ ಬೇಸ್‌ನಲ್ಲಿ ನಿಂತವನಿಗೆ ಎಲ್ಲರೂ ಸೇರಿ "ಮನಿಗ್ ಬಾರಲೇ, ಮನಿಗ್ ಬಾ!" ಅಂತ ಕೂಗುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಯಾರದೋ ಮನೆಯಲ್ಲಿ ಜಗಳ ಆಗಿದೆ ಅನ್ನಿಸಬೇಕು.

22 ಮಕ್ಕಳಿಗೆ 11 ಗ್ಲೋವ್ಸ್. ಬೇಸಿಗೆಯಲ್ಲಿ ಚರ್ಮ ಬಿರುಕು ಬಿಡುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ಇಡುತ್ತೇವೆ. ದಾರ ಕಿತ್ತರೆ ಚಪ್ಪಲಿ ಹೊಲಿಯುವ ಅಣ್ಣ ನೈಲಾನ್ ದಾರದಿಂದ ಹೊಲಿದು ಕೊಡುತ್ತಾರೆ, ದುಡ್ಡು ತಗೊಳ್ಳೋದಿಲ್ಲ. ಹನ್ನೊಂದೂ ಎಡಗೈಗೆ ಹಾಕುವಂಥವು, ಅಂದರೆ ಬಲಗೈಯಲ್ಲಿ ಎಸೆಯುವವರಿಗೆ. ಒಬ್ಬ ಎಡಚ ಹುಡುಗ ಇದ್ದ. ಅವನು ಗ್ಲೋವ್ಸ್ ತಿರುಗಿಸಿ ಹೆಬ್ಬೆರಳಿನ ಜಾಗಕ್ಕೆ ಕಿರುಬೆರಳು ತೂರಿಸಿ ಒಂದು ವರ್ಷ ಆಡಿದ. ಅವನ ತಾಯಿ ನನ್ನ ಹತ್ತಿರ ಬಂದು "ಎಡಗೈಲೆ ಒಗ್ಯೋದು ಬಿಡಸ್ರಿ ಮಾಸ್ತರ, ಚಂದ ಕಾಣೂದಿಲ್ಲ" ಅಂದರು. ಅವ್ವಾ, ಎಡಗೈ ಪಿಚರ್, ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು, ಸಿಕ್ಕರೆ ಯಾವ ತಂಡವೂ ಬಿಡೋದಿಲ್ಲ ಅಂತ ಅವರಿಗೆ ತಿಳಿಸಿ ಹೇಳೋಕೆ ನನಗೆ ಅರ್ಧ ತಾಸು ಬೇಕಾಯಿತು.

ಇನ್ನು ಸ್ಕೌಟ್, ಅಂದರೆ ಆಟಕ್ಕೆ ಮಕ್ಕಳನ್ನು ಹುಡುಕುವವನು, ಆದ ಕತೆ. ಈ ಪತ್ರ ಬರೆಯೋಕೆ ಕಾರಣವೇ ಅದು.

ಒಂದು ಜನವರಿಯಲ್ಲಿ ನೆಂಟರ ಹೊಲಕ್ಕೆ ಪಂಪ್ ನೋಡೋಕೆ ಹೋಗಿದ್ದೆ. ಹಿಂಗಾರಿ ಜೋಳ ಹಾಲುಗಾಳಾಗಿತ್ತು. ಆ ಹೊತ್ತಿನಲ್ಲಿ ಗುಬ್ಬಿ, ಗಿಳಿ ಹಿಂಡು ಹಿಂಡಾಗಿ ಬೀಳುತ್ತವೆ. ಹೊಲದ ನಡುವೆ ಕಟ್ಟಿಗೆಯ ಅಟ್ಟ, ಅದರ ಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗ, ಕೈಯಲ್ಲಿ ಕವಣಿ. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಡುತ್ತಿದ್ದ. ಕಲ್ಲು ಎಲ್ಲಿ ಬಿತ್ತು ಅಂತ ಅವನು ನೋಡುತ್ತಲೂ ಇರಲಿಲ್ಲ. ಇನ್ನೊಂದು ಕಲ್ಲು ಇಡುತ್ತಿದ್ದ. ಹಕ್ಕಿ ಮಾತ್ರ ಪ್ರತಿ ಸಲ ಅದೇ ಜಾಗದಿಂದ ಏಳುತ್ತಿದ್ದವು.

ಪಂಪ್ ಬಿಟ್ಟು ಅಟ್ಟದ ಕೆಳಗೆ ನಿಂತೆ. "ತಮ್ಮಾ, ಕವಣಿ ಇಲ್ಲದ ಒಗಿ ನೋಡೂಣು" ಅಂದೆ. ಇಳಿದು ಬಂದ. ಒಂದು ಹೆಂಟೆ ತೆಗೆದುಕೊಂಡು ಬಾವಿಯ ಕಡೆ ಒಗೆದ. ನನ್ನ ಕಣ್ಣು ಹೆಂಟೆಯ ಮೇಲೆ ಇರಲಿಲ್ಲ, ಅವನ ಸೊಂಟದ ಮೇಲಿತ್ತು. ಎಡಗಾಲು ಮುಂದೆ ಇಟ್ಟ, ಸೊಂಟ ತಿರುಗಿತು, ಆಮೇಲೆ ಭುಜ, ಕಡೆಗೆ ಮಣಿಕಟ್ಟು. ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಬೀಳಲಿಲ್ಲ. ಈ ಸಾಲು ತಪ್ಪದೆ ಬರಲಿ ಅಂತ ನಾನು ಹುಡುಗರಿಗೆ ಎರಡೆರಡು ವರ್ಷ ಹೇಳಿಕೊಡುತ್ತೇನೆ. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನ ಟೇಪ್ ತಂದು ಅಳೆದೆ. ಬೇಸ್‌ಬಾಲ್ ಕೊಟ್ಟು ಒಗೆಸಿದರೆ 58 ಮೀಟರ್. 13 ವರ್ಷ, ಕಾಲಲ್ಲಿ ಹವಾಯಿ ಚಪ್ಪಲಿ.

ಅವತ್ತಿನಿಂದ ನಾನು ಹೊಲ ತಿರುಗೋಕೆ ಶುರು ಮಾಡಿದೆ. ಮೋಟರ್ ರಿಪೇರಿಗೆ ಅಂತ ಹೇಗೂ ಮೈಂದರ್ಗಿ, ದುಧನಿ, ನಾಗಣಸೂರ ಅಂತ ತಿರುಗುವುದು ಇದ್ದೇ ಇದೆ. ಲಗೋರಿ ಆಡುವ ಮಕ್ಕಳನ್ನು ನೋಡುತ್ತೇನೆ. ಚಿಣ್ಣಿದಾಂಡಿನಲ್ಲಿ ಹಾರಿ ಬಂದ ಚಿಣ್ಣಿಗೆ ಹೆದರದೆ ಕೈ ಒಡ್ಡುವವಳನ್ನು ನೋಡುತ್ತೇನೆ. ಹುಣಸೆಕಾಯಿಗೆ ಕಲ್ಲು ಬೀರುವವರನ್ನಂತೂ ನೋಡಲೇಬೇಕು. ಬೇರೆಯವರಾಗಿದ್ದರೆ ಬೈದು ಓಡಿಸುತ್ತಾರೆ, ನಾನು ಹೆಸರು ಬರೆದುಕೊಳ್ಳುತ್ತೇನೆ.

ಇನ್ನು ಆ ಹುಡುಗನಿಗೆ ಏನಾಯಿತು ಅಂತ ಕೇಳಿ. ಅವನ ಶಾಲೆ ಕನ್ನಡ ಶಾಲೆ. ಮುಂದಿನ ವರ್ಷ ತಂಡ ಕಟ್ಟಿ ಪಂದ್ಯಕ್ಕೆ ಕರೆದುಕೊಂಡು ಹೋದೆವು. ಮಕ್ಕಳು ಹುಲ್ಲಿನ ಮೈದಾನ ನೋಡಿದ್ದೇ ಮೊದಲು. ಎದುರಿಗೆ ಐದಾರು ವರ್ಷದಿಂದ ಆಡುತ್ತಿರುವ ದೊಡ್ಡ ಶಾಲೆ. ನಮ್ಮ ಹುಡುಗನನ್ನು ಬೇಸ್‌ಗಳ ಆಚೆ ದೂರದಲ್ಲಿರುವ ಬಲಗಡೆಯ ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸಿದ್ದರು. ಶಾಲಾ ತಂಡಗಳಲ್ಲಿ ಆ ಕಡೆ ಚೆಂಡು ಹೋಗುವುದೇ ಕಡಿಮೆ, ಅದಕ್ಕೇ ಹೊಸಬರನ್ನು ಅಲ್ಲಿ ನಿಲ್ಲಿಸುತ್ತಾರೆ. ತಂಡ ಇಳಿಸಿದ ಮಾಸ್ತರರಿಗೆ ಅವನ ಕೈ ಗೊತ್ತಿರಲಿಲ್ಲ. ನಾನು ಹೇಳಬೇಕಾಗಿತ್ತು, ಗೇಟಿನ ಹತ್ತಿರ ಕಾಗದಪತ್ರ ತೋರಿಸುತ್ತಾ ನಿಂತುಬಿಟ್ಟಿದ್ದೆ. ಅಂತರ ಹತ್ತು ರನ್ ದಾಟಿತು, ನಿಯಮದ ಪ್ರಕಾರ ಪಂದ್ಯ ಬೇಗ ಮುಗಿಯಿತು. ಒಂದು ತಾಸೂ ಆಗಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನ ಕಡೆ ಒಂದು ಚೆಂಡೂ ಬರಲಿಲ್ಲ. ಬ್ಯಾಟಿಂಗ್ ಸರದಿ ಒಂದು ಸಲ ಬಂತು, ಮೂರು ಸ್ಟ್ರೈಕ್, ಔಟ್.

ಸೋತ ಶಾಲೆ ಮನೆಗೆ, ಗೆದ್ದ ಶಾಲೆ ಮುಂದಿನ ಸುತ್ತಿಗೆ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಡೆಗೆ ರಾಜ್ಯದ ತಂಡ ಆರಿಸುವಾಗ ನಿಮ್ಮ ಎದುರಿಗೆ ಇರುವವರು ಗೆಲ್ಲುತ್ತಾ ಬಂದ ಶಾಲೆಗಳ ಮಕ್ಕಳು. 58 ಮೀಟರ್ ಒಗೆಯುವ ಕೈ ಆ ಹೊತ್ತಿಗೆ ಎಸ್‌ಟಿ ಬಸ್ಸಿನ ಕಿಟಕಿಯ ಕಂಬಿ ಹಿಡಿದು ಊರಿಗೆ ಹೊರಟಿತ್ತು. ಪಂದ್ಯದ ಮೇಜಿನ ಹತ್ತಿರ ಕೂತಿದ್ದ ಒಬ್ಬರನ್ನು, ಸಾಹೇಬರೇ ಈ ಹುಡುಗನ ಎಸೆತ ಎರಡು ನಿಮಿಷ ನೋಡಿ ಅಂತ ಕೇಳಿದೆ. ಸೋತವರನ್ನು ಏನು ನೋಡೋದು ಅಂದರು. ಒಳ್ಳೆಯ ಮನುಷ್ಯರೇ. ಅವತ್ತು ಅವರಿಗೆ ಇನ್ನೂ ನಾಲ್ಕು ಪಂದ್ಯ ಮುಗಿಸಬೇಕಾಗಿತ್ತು.

ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ನಿಮಗೆ ಒಬ್ಬ ಮುದುಕನ ಕತೆ ಹೇಳುತ್ತೇನೆ. ಕ್ಲೈಡ್ ಸುಕೆಫೋರ್ತ್ ಅಂತ ಹೆಸರು. 1901ರಲ್ಲಿ ಹುಟ್ಟಿದವನು, ಅಮೆರಿಕದ ಮೇನ್ ರಾಜ್ಯದವನು, ನನ್ನ ಹಾಗೇ ಕ್ಯಾಚರ್. 1931ರಲ್ಲಿ ಬೇಟೆಗೆ ಹೋದಾಗ ಕಣ್ಣಿಗೆ ಛರ್ರೆ ಬಡಿದು ಬಲಗಣ್ಣಿನ ನೋಟ ಮಂಕಾಯಿತು. ಆಟಗಾರನಾಗಿ ದೊಡ್ಡ ಹೆಸರು ಮಾಡಲಿಲ್ಲ. ಕೋಚ್ ಆದ, ಹುಡುಗರನ್ನು ಹುಡುಕುವ ಸ್ಕೌಟ್ ಆದ. ಒಂದೂವರೆ ಕಣ್ಣಿನ ಈ ಮನುಷ್ಯ ನೋಡಿದ್ದನ್ನು ಎರಡು ಕಣ್ಣಿನವರು ನೋಡಿರಲಿಲ್ಲ.

1945ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಇವನನ್ನು ಷಿಕಾಗೋಗೆ ಕಳಿಸಿದ. ಜಾಕಿ ರಾಬಿನ್‌ಸನ್ ಅನ್ನುವ ಕಪ್ಪು ಆಟಗಾರನ ಎಸೆತ ಹೇಗಿದೆ ನೋಡಿ ಬಾ ಅಂತ. ಹೋದರೆ ರಾಬಿನ್‌ಸನ್‌ಗೆ ಭುಜದ ನೋವು, ಎಸೆಯುವ ಹಾಗೇ ಇಲ್ಲ. ಬೇರೆಯವನಾಗಿದ್ದರೆ ನೋಡೋಕೆ ಆಗಲಿಲ್ಲ ಅಂತ ವಾಪಸ್ ಬರುತ್ತಿದ್ದ. ಇವನು ಆ ಮನುಷ್ಯನ ಜೊತೆ ಮಾತಾಡಿ, ಅವನನ್ನೇ ಕರೆದುಕೊಂಡು ರಿಕಿಯ ಆಫೀಸಿಗೆ ಬಂದ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಮೈದಾನಕ್ಕೆ ಇಳಿದ. ಅಮೆರಿಕದ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ನಲ್ಲಿ ಕಪ್ಪು ಜನರನ್ನು ಹೊರಗಿಟ್ಟಿದ್ದ ಅಷ್ಟು ವರ್ಷಗಳ ಗೋಡೆ ಅವತ್ತು ಒಡೆಯಿತು. ತಂಡದ ಮ್ಯಾನೇಜರ್‌ಗೆ ಸಸ್ಪೆನ್ಷನ್ ಆಗಿದ್ದರಿಂದ ಆ ದಿನ ತಂಡ ನಡೆಸಿದವನೂ ಸುಕೆಫೋರ್ತನೇ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಆಗೋದು ಎರಡನೇ ಕತೆ. 1954. ಈಗ ಅವನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲಿದ್ದ. ಕೆಳಗಿನ ದರ್ಜೆಯ ಲೀಗ್‌ನ ಮಾಂಟ್ರಿಯಲ್ ತಂಡದಲ್ಲಿದ್ದ ಜೋ ಬ್ಲ್ಯಾಕ್ ಅನ್ನುವ ಪಿಚರ್‌ನನ್ನು ನೋಡೋಕೆ ಅಂತ ಹೋದ. ಪಂದ್ಯಕ್ಕೆ ಮುಂಚೆ ಫೀಲ್ಡಿಂಗ್ ಅಭ್ಯಾಸ ನಡೆದಿತ್ತು. ಔಟ್‌ಫೀಲ್ಡ್‌ನಿಂದ ಒಬ್ಬ ಹುಡುಗ ಚೆಂಡು ಎಸೆಯುವುದು ಕಣ್ಣಿಗೆ ಬಿತ್ತು. ಆ ಹುಡುಗನನ್ನು ಪಂದ್ಯದಲ್ಲಿ ಸರಿಯಾಗಿ ಆಡಿಸುತ್ತಲೇ ಇರಲಿಲ್ಲ. ಸ್ಕೋರ್‌ಬುಕ್ ನೋಡಿದವರಿಗೆ ಅವನು ಲೆಕ್ಕಕ್ಕೇ ಇಲ್ಲ. ಪೋರ್ಟೊ ರಿಕೋದವನು, ಸ್ಪ್ಯಾನಿಷ್ ಮಾತಾಡುವವನು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಪ್ಪ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಶಾಲೆಯಲ್ಲಿದ್ದಾಗ ಜಾವೆಲಿನ್ ಎಸೆಯುತ್ತಿದ್ದ. ಅದೇ ನವೆಂಬರ್‌ನಲ್ಲಿ ಪೈರೇಟ್ಸ್ ಅವನನ್ನು 4,000 ಡಾಲರ್‌ಗೆ ತೆಗೆದುಕೊಂಡಿತು. ಅವನೇ ರಾಬರ್ಟೊ ಕ್ಲೆಮೆಂಟೆ. 18 ಸೀಸನ್ ಆಡಿದ, ಸರಿಯಾಗಿ 3,000 ಹಿಟ್ ಹೊಡೆದ, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ 12 ಸಲ ಗೆದ್ದ. 1972ರ ಕೊನೆಯ ದಿನ, ಭೂಕಂಪ ಆದ ನಿಕರಾಗುವಾಕ್ಕೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ಸತ್ತ.

ಅವನು ನಿಲ್ಲುತ್ತಿದ್ದ ಜಾಗ ಯಾವುದು ಗೊತ್ತಾ? ಬಲಗಡೆಯ ಔಟ್‌ಫೀಲ್ಡ್. ದೊಡ್ಡವರ ಆಟದಲ್ಲಿ ತಂಡದ ಗಟ್ಟಿ ಕೈಯವನನ್ನೇ ಅಲ್ಲಿ ನಿಲ್ಲಿಸುತ್ತಾರೆ, ಯಾಕೆಂದರೆ ಅಲ್ಲಿಂದ ಮೂರನೇ ಬೇಸ್‌ಗೆ ದೂರ ಜಾಸ್ತಿ. ನಾವು ಅದೇ ಜಾಗದಲ್ಲಿ ಹೊಸಬರನ್ನು ನಿಲ್ಲಿಸುತ್ತೇವೆ.

ಸುಕೆಫೋರ್ತ್ ಪಂದ್ಯ ಶುರುವಾಗುವ ಹೊತ್ತಿಗೆ ಬಂದಿದ್ದರೆ ಕ್ಲೆಮೆಂಟೆ ಅವನಿಗೆ ಸಿಗುತ್ತಿರಲಿಲ್ಲ. ಸಾಹೇಬರೇ, ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಪಂದ್ಯಕ್ಕೆ ಮುಂಚೆ ಬನ್ನಿ.

ದೂರದ ಕತೆ ಬೇಡ ಅಂದರೆ ನಮ್ಮ ದೇಶದ್ದೇ ಇದೆ. 2008ರಲ್ಲಿ ಅಮೆರಿಕದವರು ಬಂದು ನಮ್ಮಲ್ಲಿ ಒಂದು ಎಸೆತದ ಸ್ಪರ್ಧೆ ನಡೆಸಿದರು. ಪಂದ್ಯ ಇಲ್ಲ, ತಂಡ ಇಲ್ಲ. ಬಾ, ಒಗಿ, ವೇಗ ಅಳೆಯುವ ಗನ್ ಏನು ಹೇಳುತ್ತೆ ನೋಡೋಣ. ಉತ್ತರ ಪ್ರದೇಶದ ಹಳ್ಳಿಯ ಇಬ್ಬರು ಮುಂದೆ ಬಂದರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಆಡಿದವರೇ ಅಲ್ಲ. ಅದೇ ವರ್ಷ ಪೈರೇಟ್ಸ್ ಇಬ್ಬರ ಜೊತೆಯೂ ಕರಾರು ಮಾಡಿಕೊಂಡಿತು. ಅವರು ಮೇಜರ್ ಲೀಗ್‌ವರೆಗೆ ಹೋಗಲಿಲ್ಲ, ಅದು ಬೇರೆ ಮಾತು. ಹುಡುಕಿದ ರೀತಿ ನೋಡಿ. ಗೆದ್ದ ತಂಡ ಯಾವುದು ಅಂತ ಯಾರೂ ಕೇಳಲಿಲ್ಲ.

ಪಂದ್ಯ ನೋಡಿದರೆ ಸಾಲದಾ ಅಂತ ನೀವು ಕೇಳಬಹುದು. ಕಬಡ್ಡಿಯಲ್ಲಿ ಸಾಲಬಹುದು, ಏಳೂ ಜನ ಕಣ್ಣೆದುರಿಗೇ ಇರುತ್ತಾರೆ. ಬೇಸ್‌ಬಾಲ್ ಹಾಗಲ್ಲ. ಪಂದ್ಯದ ಬಹಳ ಹೊತ್ತು ಪಿಚರ್, ಕ್ಯಾಚರ್, ಬ್ಯಾಟ್ ಹಿಡಿದವನು, ಈ ಮೂವರ ನಡುವೆಯೇ ಕಳೆಯುತ್ತದೆ. ಪಿಚರ್ ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಒಬ್ಬ ಒಳ್ಳೆಯ ಪಿಚರ್ ಇರುವ ಶಾಲೆ ಉಳಿದ ಎಂಟು ಜನ ನಿದ್ದೆ ಮಾಡಿದರೂ ಗೆಲ್ಲುತ್ತದೆ. ಆ ಎಂಟೂ ಜನ ಮುಂದಿನ ಸುತ್ತಿಗೆ ಹೋಗುತ್ತಾರೆ. ಅವರಿಗಿಂತ ಚೆನ್ನಾಗಿ ಓಡುವ, ಹಿಡಿಯುವ, ಒಗೆಯುವ ನಾಲ್ಕು ಮಕ್ಕಳು ಸೋತ ಶಾಲೆಯಲ್ಲಿ ಇರುತ್ತಾರೆ. ಇದು ನನ್ನ ಊಹೆಯಲ್ಲ, ಸ್ಟಾಪ್‌ವಾಚ್ ಹಿಡಿದು ನೋಡಿದ್ದೇನೆ.

ಕ್ಯಾಚರ್ ವಿಷಯವನ್ನೇ ತಗೊಳ್ಳಿ, ನನಗೆ ಗೊತ್ತಿರುವ ಕೆಲಸ. ಎದುರಾಳಿ ಎರಡನೇ ಬೇಸ್ ಕದಿಯೋಕೆ, ಅಂದರೆ ಚೆಂಡು ಹೊಡೆಯದೆಯೇ ಮುಂದಿನ ಬೇಸ್ ಹಿಡಿಯೋಕೆ, ಓಡಿದಾಗ ಕ್ಯಾಚರ್ ಚೆಂಡು ಹಿಡಿದು, ಎದ್ದು, ಎರಡನೇ ಬೇಸ್‌ಗೆ ಎಸೆಯಬೇಕು. ಸುಮಾರು 38.8 ಮೀಟರ್. ಚೆಂಡು ಇವನ ಗ್ಲೋವ್ಸ್‌ಗೆ ಬಡಿದ ಸದ್ದಿಗೆ ಬಟನ್ ಒತ್ತಿ, ಅಲ್ಲಿ ಗ್ಲೋವ್ಸ್‌ಗೆ ಬಡಿದಾಗ ನಿಲ್ಲಿಸಿದರೆ ಸಿಗುವುದು ಅವನ ಸಮಯ. ದುಡ್ಡಿಗೆ ಆಡುವ ದೊಡ್ಡವರು ಎರಡು ಸೆಕೆಂಡಿನ ಆಸುಪಾಸು ಮಾಡುತ್ತಾರೆ. ಶಾಲೆಯ ಪಂದ್ಯದಲ್ಲಿ ಯಾರೂ ಬೇಸ್ ಕದಿಯೋಕೆ ಓಡದೇ ಹೋದರೆ ಕ್ಯಾಚರ್‌ನ ಈ ವಿದ್ಯೆ ಕಾಣುವುದೇ ಇಲ್ಲ. ಅಭ್ಯಾಸದಲ್ಲಿ ಐದು ಸಲ ಎಸೆಸಿ, ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

ನಾನು ತಪ್ಪೇ ಮಾಡದವನಲ್ಲ. ಒಂದನ್ನು ಇಲ್ಲಿ ಹೇಳಿಬಿಡುತ್ತೇನೆ, ಹೇಳದಿದ್ದರೆ ಪತ್ರ ಸುಳ್ಳಾಗುತ್ತದೆ. ಜತ್ತದ ಕಡೆಯ ಒಬ್ಬ ಹುಡುಗನನ್ನು ನಾನೇ ಹುಡುಕಿ ತಂದೆ, ಎತ್ತರದವನು, ಒಳ್ಳೆಯ ವೇಗ. ಎರಡು ದಿನದ ಟೂರ್ನಿ. ಮೂರು ಪಂದ್ಯವನ್ನೂ ಅವನ ಕೈಯಲ್ಲೇ ಮಾಡಿಸಿದೆ. ಎಷ್ಟು ಚೆಂಡು ಎಸೆದ ಅಂತ ಎಣಿಸಲೇ ಇಲ್ಲ. ಗೆದ್ದೆವು, ಹಾರ ಹಾಕಿಸಿಕೊಂಡೆವು. ಮರುವಾರ ಅವನಿಗೆ ತಲೆ ಬಾಚಿಕೊಳ್ಳೋಕೆ ಮೊಣಕೈ ಮಡಚಲು ಆಗಲಿಲ್ಲ. ಅವನ ಅವ್ವ ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಮಕ್ಕಳಿಗೆ ಲೆಕ್ಕ ಇದೆ. 11-12 ವರ್ಷದವರು ಒಂದು ದಿನಕ್ಕೆ 85 ಚೆಂಡಿಗಿಂತ ಜಾಸ್ತಿ ಪಿಚ್ ಮಾಡಬಾರದು, 13-14ರವರು 95. ಆ ವಯಸ್ಸಿನವರು 66 ಮುಟ್ಟಿದರೆ ನಾಲ್ಕು ದಿನ ಪೂರ್ತಿ ವಿಶ್ರಾಂತಿ. ಈಗ ನನ್ನ ಜೇಬಿನಲ್ಲಿ ಹುಣಸೆಬೀಜ ಇರುತ್ತವೆ, ಒಂದು ಚೆಂಡಿಗೆ ಒಂದು ಬೀಜ ಬಲಗಡೆಯಿಂದ ಎಡಗಡೆ ಜೇಬಿಗೆ. ಆ ಹುಡುಗ ಈಗ ಚೆನ್ನಾಗಿದ್ದಾನೆ, ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಪಿಚಿಂಗ್ ಮಾತ್ರ ಅವತ್ತಿಗೇ ಮುಗಿಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಪಂದ್ಯ ಗೆದ್ದರೆ ಮಾತ್ರ ಮಕ್ಕಳನ್ನು ನೋಡುತ್ತಾರೆ ಅಂತ ಆದಾಗ ನನ್ನಂಥ ಕೋಚ್‌ಗಳು ಇಂಥ ಕೆಲಸ ಮಾಡುತ್ತಾರೆ. ಒಬ್ಬನ ಕೈ ಸವೆಸಿ ಉಳಿದವರನ್ನು ನಿಮ್ಮ ಕಣ್ಣಿಗೆ ಬೀಳಿಸೋಕೆ ನೋಡುತ್ತಾರೆ.

ಈಗ ಬೇಡಿಕೆ. ತಾಲ್ಲೂಕಿನ ಪಂದ್ಯಗಳು ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಕೊಡಿ. ಸೊಲ್ಲಾಪುರದಲ್ಲಿ ಅಲ್ಲ, ಪುಣೆಯಲ್ಲಿ ಅಲ್ಲ, ತಾಲ್ಲೂಕಿನಲ್ಲೇ. ಬಂದ ಎಲ್ಲ ಮಕ್ಕಳನ್ನೂ ಓಡಿಸಿ, ಸಮಯ ಬರೆದುಕೊಳ್ಳಿ. ಸ್ಕೌಟ್‌ಗಳು 60 ಗಜ ಓಡಿಸುತ್ತಾರೆ, ಅಂದರೆ ಹತ್ತಿರ ಹತ್ತಿರ 55 ಮೀಟರ್. ದೂರಕ್ಕೆ ಮೂರು ಎಸೆತ, ಗುರಿಗೆ ಐದು. ಮೇಲಿಂದ ಬರುವ ಹತ್ತು ಚೆಂಡು ಹಿಡಿಯಲಿ, ಹತ್ತು ಚೆಂಡು ಹೊಡೆಯಲಿ. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಆಮೇಲೆ ಪಂದ್ಯ ನಡೆಸಿ, ಯಾರು ಬೇಕಾದರೂ ಗೆಲ್ಲಲಿ. ಆದರೆ ಆ ಬೆಳಗಿನ ಪಟ್ಟಿಯಲ್ಲಿ ಮೇಲಿರುವ ಮಕ್ಕಳನ್ನು, ಅವರ ಶಾಲೆ ಮೊದಲ ಸುತ್ತಿನಲ್ಲೇ ಸೋತಿದ್ದರೂ, ಮುಂದಿನ ಟ್ರಯಲ್ಸ್‌ಗೆ ಕರೆಯಿರಿ.

ಇದು ಹೊಸದೇನಲ್ಲ. ಸರಕಾರದ ವಸತಿ ಕ್ರೀಡಾ ಶಾಲೆ ಕ್ರೀಡಾ ಪ್ರಬೋಧಿನಿಗೆ ಮಕ್ಕಳನ್ನು ತೆಗೆದುಕೊಳ್ಳುವಾಗ ಎತ್ತರ, ತೂಕ, ಓಟ, ಜಿಗಿತ, ಮೆಡಿಸಿನ್ ಬಾಲ್ ಎಸೆತ ಎಲ್ಲ ಅಳೆದೇ ತೆಗೆದುಕೊಳ್ಳುತ್ತಾರೆ. ಅಲ್ಲಿ ಮಗು ಯಾವ ಪಂದ್ಯ ಗೆದ್ದಿದೆ ಅಂತ ಮೊದಲು ಕೇಳುವುದಿಲ್ಲ. ಅದೇ ಟೇಪ್, ಅದೇ ಸ್ಟಾಪ್‌ವಾಚ್ ನಮ್ಮ ಬಯಲಿಗೂ ಬರಲಿ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಸಣ್ಣ ಮಾತು, ಇದನ್ನು ಗಡಿಯ ರಾಜಕೀಯಕ್ಕೆ ಎಳೆಯಬೇಡಿ. ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಮರಾಠಿ ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಕಲಿತ ಮರಾಠಿ. ಆದರೆ ಹೊಸ ಜಾಗ, ಹೊಸ ಸಾಹೇಬರು, ಕೊರಳಲ್ಲಿ ಸೀಟಿ. ಆಗ 11 ವರ್ಷದ ಮಗುವಿಗೆ "ಉಜವೀಕಡೆ" ಅಂದರೆ ಬಲಗಡೆ ಅಂತ ಗೊತ್ತಿದ್ದರೂ ಕಾಲು ಅರ್ಧ ಕ್ಷಣ ತಡ ಮಾಡುತ್ತದೆ. ನೀವು ಅದನ್ನು ಚುರುಕಿಲ್ಲ ಅಂತ ಬರೆದುಕೊಳ್ಳುತ್ತೀರಿ. ಚುರುಕಿದೆ ಸಾಹೇಬರೇ. ಎರಡು ಮಾತು ಕನ್ನಡದಲ್ಲಿ ಹೇಳುವ ಒಬ್ಬರು ಪಕ್ಕದಲ್ಲಿ ಇದ್ದರೆ ಸಾಕು, ನಾನೇ ಬಂದು ನಿಲ್ಲುತ್ತೇನೆ. ಆಟದ ಮಾತುಗಳ ತೊಂದರೆ ಇಲ್ಲ. ಸ್ಟ್ರೈಕ್, ಬಾಲ್, ಸೇಫ್, ಔಟ್. ಅವು ನಿಮಗೂ ಪರರವು, ನಮಗೂ ಪರರವು.

ಆಚೆ ಕಡೆಯವರಿಗೂ ಒಂದು ಮಾತು ಇದೆ. ಬೆಂಗಳೂರಿನಿಂದ ಬಂದವರು ಶಾಲೆಗೆ ಹೋಗಿ ಕನ್ನಡ ಹೇಗಿದೆ ಅಂತ ಕೇಳುತ್ತಾರೆ, ಮಕ್ಕಳ ಕೈಲಿ ಪದ್ಯ ಹೇಳಿಸುತ್ತಾರೆ, ಶಾಲು ಹೊದಿಸುತ್ತಾರೆ. ಬಹಳ ಸಂತೋಷ. ಮುಂದಿನ ಸಲ ಎರಡು ಶಾಲು ಕಡಿಮೆ ಮಾಡಿ ಬಲಗೈಗೆ ಹಾಕುವ ಒಂದು ಗ್ಲೋವ್ಸ್ ತಂದರೆ ನಮ್ಮ ಎಡಚನಿಗೆ ಆಗುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಬರೆಯೋಕೆ ಮರೆತೆ. ಹೋದ ಸಲ ನಮ್ಮ ಸಾಫ್ಟ್‌ಬಾಲ್ ತಂಡವೂ ಮೊದಲ ಸುತ್ತಿನಲ್ಲೇ ಸೋತಿತು. ಆದರೆ ಒಬ್ಬ ಮೇಡಂ, ಬೇರೆ ಜಿಲ್ಲೆಯ ಕೋಚ್, ಬಸ್ ಬೇಗ ತಲುಪಿದ್ದಕ್ಕೆ ಒಂದು ತಾಸು ಮುಂಚೆ ಮೈದಾನದಲ್ಲಿ ಕೂತಿದ್ದರು. ವಾರ್ಮ್‌ಅಪ್ ನೋಡಿ ನಮ್ಮ ಒಬ್ಬ ಹುಡುಗಿಯ ಹೆಸರು ಕೇಳಿ ಬರೆದುಕೊಂಡರು. ಎರಡು ವಾರದ ಮೇಲೆ ಶಿಬಿರಕ್ಕೆ ಬಾ ಅಂತ ಫೋನ್ ಬಂತು. ಮನೆಯಲ್ಲಿ ಕಳಿಸೋಕೆ ಒಪ್ಪಲಿಲ್ಲ. ನಾನು ಹೋಗಿ, ಸರಕಾರಿ ನೌಕರಿಯಲ್ಲಿ ಆಟಗಾರರಿಗೆ ಶೇಕಡಾ 5 ಮೀಸಲಾತಿ ಇದೆ ಕಾಕಾ ಅಂದೆ. ಹತ್ತನೇ ಕ್ಲಾಸಿಗೆ ಆಟದ ಗುಣಗಳು ಸಿಗುತ್ತವೆ ಅಂದೆ. ಅದಕ್ಕೆಲ್ಲ ಅವರು ಕರಗಲಿಲ್ಲ. ಅಜ್ಜಿ ಒಳಗಿಂದ "ಆಕಿ ಹೋಗಾಕಿನ, ಕಟಗೊಂಡ ಹೋಗಾಕ ರೊಟ್ಟಿ ಬಡದೀನಿ" ಅಂದರು. ಹೋದಳು. ಬಸ್ ಬೇಗ ಬಂದಿತ್ತು ಅನ್ನೋದೊಂದೇ ಕಾರಣ ಇದಕ್ಕೆಲ್ಲ.

ಕವಣಿಯ ಹುಡುಗ ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಂಗಾಮು ಇಲ್ಲದಾಗ ಸಂಜೆ ಬಯಲಿಗೆ ಬಂದು ಸಣ್ಣವರಿಗೆ ಚೆಂಡು ಎಸೆದು ಕೊಡುತ್ತಾನೆ. ಮೊನ್ನೆ ಬಲಗಡೆಯ ಔಟ್‌ಫೀಲ್ಡ್‌ನ ಗೆರೆಯ ಆಚೆಯಿಂದ ಸುಮ್ನೆ ಒಂದು ಬಿಟ್ಟ, ಚೆಂಡು ನೆಲ ಮುಟ್ಟದೆ ಮನೆಗೆ ಬಂತು. ನನ್ನ ಗ್ಲೋವ್ಸ್‌ನ ನೈಲಾನ್ ದಾರ ಮತ್ತೆ ಕಿತ್ತಿತು.

ಜನವರಿ ಎರಡನೇ ವಾರ ಬಂದರೆ ಒಳ್ಳೆಯದು. ಜೋಳ ಹಾಲುಗಾಳಾಗಿರುತ್ತದೆ, ಎಲ್ಲ ಹೊಲದಲ್ಲೂ ಅಟ್ಟ ಎದ್ದಿರುತ್ತವೆ, ಬೆಳಿಗ್ಗೆ ಎಂಟರ ಒಳಗೆ ಮೂರು ಊರು ತಿರುಗಿಸುತ್ತೇನೆ. ಮಧ್ಯಾಹ್ನಕ್ಕೆ ಸುಟ್ಟ ಎಳೆ ಜೋಳದ ಸೀತನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ನಮ್ಮ ಕಡೆಯಿಂದ. ಟೇಪ್ ನನ್ನ ಹತ್ತಿರ ಇದೆ. ಸ್ಟಾಪ್‌ವಾಚ್ ಮಾತ್ರ ನಿಮ್ಮದೇ ತನ್ನಿ, ನನ್ನದರ ಬಟನ್ ಅಂಟುತ್ತಿದೆ.

ಇತಿ ನಿಮ್ಮ,
ಒಬ್ಬ ಹಳೆಯ ಕ್ಯಾಚರ್
ಅಕ್ಕಲಕೋಟೆ ತಾಲ್ಲೂಕು